ಚಕ್ಕುಬಂದಿ
(ಬಾನುಲಿ ಭಾಷಣ)

ಕನ್ನಡದ ಅಧ್ಯಾಪಕನಾಗಿ ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತನಾದ ನಾನು ಈಚಿನ ಕೆಲವು ತಿಂಗಳುಗಳಿಂದ ಒಂದು ಗದ್ಯಬರಹವನ್ನು ಮತ್ತೆ ಮತ್ತೆ ಓದುತ್ತಿದ್ದೇನೆ. ನಾಲ್ಕು ಪುಟಗಳ ಬರಹ. ಅದರಲ್ಲಿ ಅಲಂಕಾರವಿಲ್ಲ, ಪೂರ್ಣವಿರಾಮವೂ ಅಪರೂಪ. ಮೊದಲ ಪುಟದಲ್ಲಿ ಹೊರಟ ಕರ್ತೃಪದ ಮೂರನೆಯ ಪುಟದಲ್ಲಿ ತನ್ನ ಕ್ರಿಯಾಪದವನ್ನು ಸೇರುತ್ತದೆ. ಶಾಸನಗಳ ಕೊನೆಯಲ್ಲಿ ಬರೆದವನ, ಕಂಡರಿಸಿದವನ ಹೆಸರು ಬರುವಂತೆ ಇದರ ಕೊನೆಯಲ್ಲಿಯೂ ‘ಬಿಕ್ಕಲಂ’ ಎಂದು ಬರೆದವರ ರುಜು ಇದೆ. 1961ರಲ್ಲಿ ನಮ್ಮ ತಂದೆಯವರು ಮೈಸೂರಿನ ಒಂಟಿಕೊಪ್ಪಲಿನಲ್ಲಿ ಮನೆ ಕೊಂಡಾಗ ಛಾಪಾ ಕಾಗದದ ಮೇಲೆ ಬರೆಸಿದ ಕ್ರಯಪತ್ರ ಅದು.

ಅದನ್ನು ಪೆಟ್ಟಿಗೆಯಿಂದ ಹೊರತೆಗೆಯುವ ಪ್ರಸಂಗ ಏಕೆ ಬಂದಿತೆಂದರೆ, ನಮ್ಮ ಮನೆಯನ್ನು ಕೊಳ್ಳುತ್ತೇವೆಂದು ಒಬ್ಬರು ಬಂದರು. ಮನೆಯನ್ನು ಎಂದರೆ ತಪ್ಪಾದೀತು. ಅವರಿಗೆ ಬೇಕಾದದ್ದು ನೆಲ. ಹೆಂಚಿನ ಮನೆಯನ್ನು ಕೆಡವಿ, ನಾಲ್ಕು ಅಂತಸ್ತು ಕಟ್ಟಿ, ಒಂದು ಅಂತಸ್ತನ್ನು ನಮಗೇ ಬಿಟ್ಟುಕೊಡುವುದಾಗಿ ಅವರ ಮಾತು. ಬೆಂಗಳೂರಿನಲ್ಲಿರುವ ಮಗ, “ಅಪ್ಪಾ, ಈ ವಯಸ್ಸಲ್ಲಿ ಇಷ್ಟು ದೊಡ್ಡ ಮನೆ ನೋಡಿಕೊಳ್ಳೋದು ನಿಮ್ಮಿಬ್ಬರ ಕೈಲಿ ಆಗಲ್ಲ, ಯೋಚನೆ ಮಾಡಿ” ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹೆಂಚು ಹೊದಿಸುವವರು ಸಿಗುವುದು ಕಷ್ಟ. ಮಳೆಗಾಲದಲ್ಲಿ ನಾವು ಎಲ್ಲೆಲ್ಲಿ ಪಾತ್ರೆ ಇಡಬೇಕೆಂಬುದನ್ನು ಮನೆಯೇ ನಿರ್ಧರಿಸುತ್ತದೆ. ಯೋಚನೆ ಮಾಡುವುದಕ್ಕೆ ಮೊದಲು ಪತ್ರವನ್ನಾದರೂ ಓದೋಣವೆಂದು ಕುಳಿತೆ.

ಕ್ರಯಪತ್ರದ ಕೊನೆಯ ಭಾಗಕ್ಕೆ ಷೆಡ್ಯೂಲು ಎನ್ನುತ್ತಾರೆ. ಅದರಲ್ಲಿ ‘ಚಕ್ಕುಬಂದಿ’ ಎಂಬ ಶೀರ್ಷಿಕೆಯ ಕೆಳಗೆ ನಾಲ್ಕು ಸಾಲುಗಳಿರುತ್ತವೆ. ನಮ್ಮ ಪತ್ರದಲ್ಲಿ ಆ ಸಾಲುಗಳು ಹೀಗಿವೆ: ಪೂರ್ವಕ್ಕೆ ರಸ್ತೆ, ದಕ್ಷಿಣಕ್ಕೆ ಇಂಥವರ ಮನೆ, ಉತ್ತರಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಕನ್ಸರ್ವೆನ್ಸಿ ಗಲ್ಲಿ. ಈ ಮಧ್ಯೆ ಇರುವ, ಪೂರ್ವ ಪಶ್ಚಿಮ 60 ಅಡಿ, ಉತ್ತರ ದಕ್ಷಿಣ 40 ಅಡಿ ಅಳತೆಯುಳ್ಳ ನಿವೇಶನ ಮತ್ತು ಅದರಲ್ಲಿ ಕಟ್ಟಿರುವ ಮನೆ.

ಚಕ್ಕುಬಂದಿ ಎಂಬ ಪದ ಪಾರಸಿಯ ಬಳಿಯಿಂದ ನಮ್ಮ ಕಂದಾಯದ ಕನ್ನಡಕ್ಕೆ ಬಂದದ್ದು. ಪದ ಹೊಸದಾದರೂ ಪದ್ಧತಿ ಹಳೆಯದು. ತರಗತಿಯಲ್ಲಿ ಶಾಸನಗಳನ್ನು ಪಾಠಮಾಡುವಾಗ ದಾನಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವ ಭಾಗ ಬಂದರೆ ವಿದ್ಯಾರ್ಥಿಗಳು ಆಕಳಿಸುತ್ತಿದ್ದರು. ರಾಜನ ಬಿರುದಾವಳಿ ಮುಗಿದು, ದಾನದ ಕಾರಣ ಮುಗಿದು, ಮೂಡಲು ಹುಣಸೆಯ ಮರ, ತೆಂಕಲು ಹುತ್ತ, ಪಡುವಲು ಹಳ್ಳ, ಬಡಗಲು ನೆಟ್ಟ ಕಲ್ಲು ಎಂದು ಒಕ್ಕಣೆ ಸಾಗುತ್ತದೆ. ನನಗೆ ಮಾತ್ರ ಆ ಭಾಗ ಪ್ರಿಯವಾಗಿತ್ತು. ಬಿರುದುಗಳು ಒಬ್ಬ ರಾಜನಿಂದ ಇನ್ನೊಬ್ಬನಿಗೆ ಹೋಗುತ್ತಿದ್ದವು. ಹುಣಸೆಯ ಮರ ಆ ಊರಿನದೇ ಆಗಿರುತ್ತಿತ್ತು.

ಸ್ವಾರಸ್ಯವೇನೆಂದರೆ, ಒಂದು ಭೂಮಿಯನ್ನು ಗುರುತಿಸಲು ಆ ಭೂಮಿಯ ಒಳಗೆ ಏನಿದೆ ಎಂದು ಹೇಳಿದರೆ ಸಾಲದು. ಅದಲ್ಲದ್ದು ಅದರ ಸುತ್ತ ಏನಿದೆ ಎಂದು ಹೇಳಬೇಕು. ಇಂದಿನ ಕಾನೂನೂ ಇದನ್ನೇ ಒಪ್ಪುತ್ತದೆ. 1908ರ ನೋಂದಣಿ ಕಾಯಿದೆಯ 21ನೆಯ ಪ್ರಕರಣದ ಪ್ರಕಾರ ಪಟ್ಟಣದ ಮನೆಯು ಯಾವ ಬೀದಿಗೆ ಮುಖಮಾಡಿದೆ, ಆ ಬೀದಿಯ ಯಾವ ಪಕ್ಕದಲ್ಲಿದೆ, ಅದರಲ್ಲಿ ಈಗ ಯಾರಿದ್ದಾರೆ, ಹಿಂದೆ ಯಾರಿದ್ದರು ಎಂಬುದನ್ನು ಪತ್ರದಲ್ಲಿ ಹೇಳಬೇಕು. ಅಳತೆಗೂ ಚಕ್ಕುಬಂದಿಗೂ ವ್ಯತ್ಯಾಸ ಬಂದರೆ ಸಾಮಾನ್ಯವಾಗಿ ಚಕ್ಕುಬಂದಿಯೇ ಮೇಲೆಂದು ನ್ಯಾಯಾಲಯಗಳು ಎಣಿಸುತ್ತವೆ. ಅಡಿಗೋಲಿನ ಸಾಕ್ಷಿಗಿಂತ ನೆರೆಯ ಸಾಕ್ಷಿ ದೊಡ್ಡದೆಂದಾಯಿತು. ಆದುದರಿಂದ ನಮ್ಮ ಮನೆಯ ಕಥೆಯನ್ನು ಈ ನಾಲ್ಕು ದಿಕ್ಕುಗಳ ಕ್ರಮದಲ್ಲಿಯೇ ತಮ್ಮ ಮುಂದೆ ಇಡುತ್ತೇನೆ.

ಪೂರ್ವಕ್ಕೆ ರಸ್ತೆ. ನಮ್ಮ ಬಡಾವಣೆಯ ಹೆಸರು ನಾಡಿನ ಎಷ್ಟೋ ಮನೆಗಳಿಗೆ ಪರಿಚಿತವಾಗಿರುವುದು ಒಂಟಿಕೊಪ್ಪಲ್ ಪಂಚಾಂಗದಿಂದ. ತಿಥಿ ನಕ್ಷತ್ರ ನೋಡುವವರು ನಮ್ಮನ್ನು ಕಾಣದೆಯೂ ನಮ್ಮ ಹೆಸರನ್ನು ದಿನವೂ ಕಂಡಿರುತ್ತಾರೆ. ಕೊಪ್ಪಲು ಎಂದರೆ ಸಣ್ಣ ಹಳ್ಳಿ. ಕುಂಬಾರಕೊಪ್ಪಲು, ಮಂಚೇಗೌಡನಕೊಪ್ಪಲು, ತೊಣಚಿಕೊಪ್ಪಲು, ಕನ್ನೇಗೌಡನ ಕೊಪ್ಪಲು ಎಂದು ಮೈಸೂರಿನ ಸುತ್ತ ಎಷ್ಟೋ ಕೊಪ್ಪಲುಗಳಿವೆ. ಊರು ಬೆಳೆದು ಅವುಗಳನ್ನೆಲ್ಲ ಒಳಗೆ ಹಾಕಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪ್ಲೇಗು ಬಂದು ಹಳೆಯ ಊರಿನ ಇಕ್ಕಟ್ಟಾದ ಕೇರಿಗಳನ್ನು ಬರಿದುಮಾಡಿತು. ಗಾಳಿ ಬೆಳಕು ಬರುವ ಮನೆಗಳಿರಬೇಕು, ರಸ್ತೆಗಳು ನೇರವಾಗಿರಬೇಕು, ಚರಂಡಿ ಇರಬೇಕು ಎಂಬ ವಿಚಾರ ಆಗ ಬಲವಾಯಿತು. 1903ರಲ್ಲಿ ಮೈಸೂರಿನ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಹುಟ್ಟಿತು. ಅಲ್ಲಿಂದ ಮುಂದೆ ಲಕ್ಷ್ಮೀಪುರ, ಕೃಷ್ಣಮೂರ್ತಿಪುರ, ಸರಸ್ವತೀಪುರ, ಜಯಲಕ್ಷ್ಮೀಪುರಗಳು ಒಂದೊಂದಾಗಿ ಎದ್ದವು. ನಮ್ಮ ಒಂಟಿಕೊಪ್ಪಲಿಗೆ ಕಾಗದಪತ್ರಗಳಲ್ಲಿ ವಾಣಿವಿಲಾಸ ಮೊಹಲ್ಲಾ ಎಂದು ಹೆಸರು. 1895ರಿಂದ 1902ರವರೆಗೆ ರಾಜ್ಯವನ್ನು ರೀಜೆಂಟರಾಗಿ ಆಳಿದ ಮಹಾರಾಣಿಯವರ ಹೆಸರು ಅದು.

ಭಾಷೆಯನ್ನು ಓದಿದವನಾದ್ದರಿಂದ ಈ ಹೆಸರುಗಳು ನನಗೆ ಊರಿನ ಚರಿತ್ರೆಯಂತೆಯೇ ಕಾಣುತ್ತವೆ. ಮೊದಲು ಕೊಪ್ಪಲು, ಆಮೇಲೆ ಮೊಹಲ್ಲಾ, ಆಮೇಲೆ ಪುರ, ಆಮೇಲೆ ನಗರ, ಈಗ ಲೇಔಟು. ಒಂದೊಂದು ಹೆಸರು ಬಂದಾಗಲೂ ಯಾರೋ ರಾಗಿ ಹೊಲ ಬಿಟ್ಟುಕೊಟ್ಟಿದ್ದಾರೆ. ಬೆಳಗ್ಗೆ ತಲೆಯ ಮೇಲೆ ಸೊಪ್ಪಿನ ಕುಕ್ಕೆ ಹೊತ್ತು ನಮ್ಮ ರಸ್ತೆಗೆ ಬರುತ್ತಿದ್ದ ಮುದುಕಿಯೊಬ್ಬಳು ನಮ್ಮ ಗೇಟಿನ ಮುಂದೆ ಕುಕ್ಕೆ ಇಳಿಸಿ, “ಇಲ್ಲೆಲ್ಲ ನಮ್ಮಪ್ಪ ಹುರುಳಿ ಚೆಲ್ತಿದ್ದ ಕಣವ್ವಾ” ಎಂದು ನಮ್ಮ ತಾಯಿಗೆ ಹೇಳುತ್ತಿದ್ದಳು. ತಾಯಿ ಒಂದು ಕಟ್ಟು ಸೊಪ್ಪನ್ನು ಹೆಚ್ಚಾಗಿ ಕೊಳ್ಳುತ್ತಿದ್ದರು. ಅದಕ್ಕಿಂತ ಹೆಚ್ಚಿನ ಉತ್ತರ ಅವರಲ್ಲಿ ಇರಲಿಲ್ಲ.

ಈ ರಸ್ತೆ ನನಗೆ ಕೊಟ್ಟದ್ದು ಅಲ್ಪವಲ್ಲ. ಕುವೆಂಪು ಅವರ ‘ಉದಯರವಿ’ ಇದೇ ಬಡಾವಣೆಯಲ್ಲಿದೆ. ಅವರು 1994ರವರೆಗೆ ನಮ್ಮ ನಡುವೆ ಇದ್ದರು. ಆ ಗೇಟಿನ ಮುಂದೆ ಹಾದುಹೋಗುವಾಗ ಬಾಲಕರಾದ ನಾವು ಸೈಕಲ್ಲಿನ ಗಂಟೆ ಬಾರಿಸುತ್ತಿರಲಿಲ್ಲ. ಯಾರೂ ಹಾಗೆಂದು ಹೇಳಿಕೊಟ್ಟಿರಲಿಲ್ಲ. ನಾನೀಗ ಕುಳಿತು ಮಾತನಾಡುತ್ತಿರುವ ಆಕಾಶವಾಣಿಯ ಮೂಲವೂ ಇಲ್ಲಿಯದೇ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ‘ವಿಠಲ ವಿಹಾರ’ ಎಂಬ ಮನೆಯಲ್ಲಿ ಒಂದು ಸಣ್ಣ ಪ್ರಸಾರಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದರು. ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಒಂದು ಬಡಾವಣೆಯ ಮನೆಯ ಕೋಣೆಯೊಳಗಿಂದ ಹೊರಟ ಧ್ವನಿ ಅದು. ಆ ಮನೆಯ ಚಕ್ಕುಬಂದಿಯಲ್ಲಿ ಆಕಾಶದ ಹೆಸರನ್ನೂ ಸೇರಿಸಬೇಕಾಗಿತ್ತು.

ದಕ್ಷಿಣಕ್ಕೆ ಇಂಥವರ ಮನೆ. ಅವರು ಪ್ರೌಢಶಾಲೆಯ ಉಪಾಧ್ಯಾಯ ದಂಪತಿಗಳು. ಗಂಡ ಕಾಲವಾದರು, ಟೀಚರಮ್ಮ ಎಂಬತ್ತೆಂಟು ದಾಟಿ ಈಗಲೂ ಇದ್ದಾರೆ. ಅವರ ಅಂಗಳದಲ್ಲಿ ಒಂದು ಪಾರಿಜಾತದ ಗಿಡ. ಬುಡ ಅವರ ಕಡೆ, ಕೊಂಬೆ ನಮ್ಮ ಕಡೆ. ಸತ್ಯಭಾಮೆಯ ಅಂಗಳದಲ್ಲಿ ನೆಟ್ಟ ಪಾರಿಜಾತ ರುಕ್ಮಿಣಿಯ ಅಂಗಳದಲ್ಲಿ ಹೂವು ಸುರಿಸಿತೆಂಬ ಕಥೆ ತಮಗೆಲ್ಲ ತಿಳಿದದ್ದೇ. ಆ ಕಥೆ ಕಟ್ಟಿದವನಿಗೆ ಕಾಂಪೌಂಡು ಗೋಡೆಯ ಅನುಭವ ಚೆನ್ನಾಗಿಯೇ ಇದ್ದಿರಬೇಕು. ನಮ್ಮಲ್ಲಿ ಮಾತ್ರ ಜಗಳವಾಗಲಿಲ್ಲ. ನಮ್ಮ ತಾಯಿ ಬೆಳಗ್ಗೆ ಹೂವನ್ನು ಆರಿಸಿ, ಅರ್ಧವನ್ನು ಬಾಳೆಲೆಯಲ್ಲಿಟ್ಟು ಗೋಡೆಯ ಮೇಲಿಡುತ್ತಿದ್ದರು.

ಕ್ರಯಪತ್ರದಲ್ಲಿ ಕೊಳ್ಳುವವನಿಗೆ ಅಷ್ಟಭೋಗಗಳು ಸಲ್ಲುತ್ತವೆಂದು ಬರೆದಿದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ತಾಮ್ರಪಟಗಳಿಂದ ಇಳಿದುಬಂದ ಮಾತುಗಳು. ಪತ್ರ ಬರಹಗಾರರ ಬಾಯಲ್ಲಿ ಮಂತ್ರದಂತೆ ಉಳಿದಿವೆ. ನೆಲದ ಒಳಗಿನ ನಿಧಿಯೂ ನಮಗೆ, ಮುಂದೆಂದೋ ಬರಬಹುದಾದ ಫಲವೂ ನಮಗೆ. ಆದರೆ ಪಕ್ಕದವರ ಗಿಡದ ಹೂವು ಈ ಎಂಟರಲ್ಲಿ ಯಾವುದಕ್ಕೂ ಸೇರುವುದಿಲ್ಲ. 1984ರಲ್ಲಿ ನಮ್ಮ ತಂದೆ ತೀರಿಕೊಂಡರು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಅಂದು ಟೀಚರಮ್ಮ ಅನ್ನ, ತಿಳಿಸಾರುಗಳನ್ನು ತಂದು, “ಏಳಿ, ಒಂದು ತುತ್ತಾದರೂ ತಿನ್ನಿ, ರಾತ್ರಿ ಇನ್ನೂ ಇದೆ” ಎಂದರು. ಒಬ್ಬನೇ ಮಗನಾದ ನನಗೆ ಆ ದಿನ ತಿನ್ನಲು ಹೇಳುವವರು ಬೇರೆ ಇರಲಿಲ್ಲ. ಕನ್ನಡದಲ್ಲಿ ನೆರೆ ಎಂಬ ಮಾತಿನ ಪಕ್ಕದಲ್ಲಿಯೇ ನೆರವು ಎಂಬ ಮಾತು ಮನೆಮಾಡಿಕೊಂಡಿದೆ. ಇದನ್ನು ನಾನು ನಿಘಂಟಿನಲ್ಲಿ ಓದಿದ್ದೆ; ಅಂದು ಊಟಮಾಡಿದೆ.

ಉತ್ತರಕ್ಕೆ ಇಂಥವರ ಮನೆ. ಅವರು ರೈಲ್ವೆ ಕಾರ್ಯಾಗಾರದಲ್ಲಿ ಕೆಲಸದಲ್ಲಿದ್ದವರು. ನಮ್ಮ ಓಣಿಯಲ್ಲಿ ಮೊದಲು ರೇಡಿಯೋ ತಂದದ್ದು ಅವರೇ. ಆಗ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸು ಬೇಕಾಗಿತ್ತು. ಅಂಚೆ ಕಚೇರಿಯಲ್ಲಿ ಹಣ ಕಟ್ಟಬೇಕಾಗಿತ್ತು. ಹಣ ಅವರು ಕಟ್ಟುತ್ತಿದ್ದರು, ಕಿಟಕಿಯ ಈಚೆಯಿಂದ ನಾವು ಕೇಳುತ್ತಿದ್ದೆವು. ವಾರ್ತೆಯ ಹೊತ್ತಿಗೆ ಧ್ವನಿಯನ್ನು ಸ್ವಲ್ಪ ಹೆಚ್ಚಿಸಿ, “ಮೇಷ್ಟ್ರಿಗೆ ಕೇಳಿಸುತ್ತೋ ಇಲ್ಲವೋ” ಎನ್ನುತ್ತಿದ್ದರು. ಮೇಷ್ಟ್ರು ಎಂದರೆ ನಮ್ಮ ತಂದೆ. ಈ ಹೊತ್ತು ಮೈಕಿನ ಮುಂದೆ ಕುಳಿತಾಗ ಆ ಕಿಟಕಿ ನನ್ನ ಕಣ್ಣ ಮುಂದಿದೆ.

ಕಿಟಕಿ ಈಗ ಇಲ್ಲ. ಅವರ ಮಕ್ಕಳು 2018ರಲ್ಲಿ ಮನೆಯನ್ನು ಮಾರಿದರು. ಅದು ನೆಲಕ್ಕುರುಳಲು ಮೂರು ದಿನ ಸಾಕಾಯಿತು. ಅದಕ್ಕೂ ಏಳು ವರ್ಷ ಹಿಂದೆ, 2011ರಲ್ಲಿ, ಪಕ್ಕದ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಅವರ ಮನೆಯನ್ನು ಕೆಡವಲು ಹೊರಟಾಗ ಜನ ಕೂಗೆದ್ದು ತಡೆದರು. ಮನೆ ದುರಸ್ತಿಯಾಗಿ 2016ರಲ್ಲಿ ಸಂಗ್ರಹಾಲಯವಾಯಿತು. ಅದು ಸಂತೋಷದ ವಿಷಯ. ಆದರೆ ರೈಲ್ವೆಯವರು ಕಾದಂಬರಿ ಬರೆದವರಲ್ಲ. ಅವರ ಮನೆಗಾಗಿ ಕೂಗುವವರು ಇರಲಿಲ್ಲ. ಎಲ್ಲ ಮನೆಗಳನ್ನೂ ಸಂಗ್ರಹಾಲಯ ಮಾಡಲು ಸಾಧ್ಯವೂ ಇಲ್ಲ.

ಆ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವಿದೆ. ನಮ್ಮ ಅಡಿಗೆಮನೆಯ ಕಿಟಕಿಯಿಂದ ಆಕಾಶ ಕಾಣುವುದಿಲ್ಲ. ಹದಿನಾರು ಸಂಸಾರಗಳು ಬಂದಿವೆ. ನಾನು ಬಹುಕಾಲ ಆ ಕಟ್ಟಡದ ಕಡೆ ಮುಖ ತಿರುಗಿಸಲಿಲ್ಲ. 2020ರ ಬೇಸಗೆಯಲ್ಲಿ ಕೊರೋನಾದ ದಿಗ್ಬಂಧನವಾಯಿತು. ನನ್ನ ಮನೆಯವರ ರಕ್ತದೊತ್ತಡದ ಮಾತ್ರೆ ಮುಗಿದುಹೋಗಿತ್ತು. ಮೂರನೆಯ ಅಂತಸ್ತಿನ ಯುವಕನೊಬ್ಬ ಮಹಡಿಯ ಮೇಲಿನಿಂದಲೇ ಕೂಗಿ, “ಅಂಕಲ್, ಏನಾದ್ರೂ ತರೋದಿದ್ಯಾ?” ಎಂದು ಕೇಳಿದ, ಮಾತ್ರೆಯನ್ನು ತಂದು ಗೇಟಿಗೆ ಸಿಕ್ಕಿಸಿ ಹೋದ. ಕಲಬುರಗಿಯ ಕಡೆಯ ಹುಡುಗ. ಅವನ ಮನೆಯ ಪತ್ರದಲ್ಲಿ ಮೂಡಲು ಮೆಟ್ಟಿಲು, ಪಡುವಲು ಬಯಲು ಎಂದೇನೋ ಇದ್ದೀತು. ನೆಲದಲ್ಲಿ ಅವನಿಗಿರುವುದು ಭಾಗವಾಗದ ಪಾಲು. ಆದರೂ ನನಗೆ ಉತ್ತರ ದಿಕ್ಕಿನ ನೆರೆ ಅವನೇ. ಹಳೆಯ ಮನೆ ಹೋದೊಡನೆ ನೆರೆ ಹೋಯಿತೆಂದು ಭಾವಿಸಿದ್ದು ನನ್ನ ತಪ್ಪು. ಹೀಗಿರುವಾಗ ಮನೆಯನ್ನು ಕೊಳ್ಳಲು ಬಂದವರನ್ನು ಕೇವಲ ಹಳೆಯದರ ಮೋಹದಿಂದ ಹಿಂದಕ್ಕೆ ಕಳಿಸುವುದು ನ್ಯಾಯವಲ್ಲವೆಂದು ನನಗೆ ಅನಿಸಿತು. ಅಳತೆ ಮಾಡಿಸಿ ಎಂದೆ.

ಪಶ್ಚಿಮಕ್ಕೆ ಕನ್ಸರ್ವೆನ್ಸಿ ಗಲ್ಲಿ. ಇಲ್ಲಿಗೆ ಬಂದಾಗ ನನ್ನ ಮಾತು ಕಷ್ಟವಾಗುತ್ತದೆ.

ಗಾಳಿ ಬೆಳಕಿನ ಬಡಾವಣೆಗಳೆಂದು ಹೇಳಿದೆನಷ್ಟೆ. ಮನೆಗಳ ಎರಡು ಸಾಲುಗಳ ಬೆನ್ನ ನಡುವೆ ಹತ್ತು ಅಡಿಯ ಒಂದು ಗಲ್ಲಿಯನ್ನು ಬಿಟ್ಟಿದ್ದರು. ಅದು ಮನೆಯವರು ನಡೆಯುವ ದಾರಿಯಲ್ಲ. ಹಿತ್ತಿಲ ಕೊನೆಯಲ್ಲಿದ್ದ ಪಾಯಿಖಾನೆಯ ಮಲವನ್ನು ಬಾಚಿ ಹೊತ್ತೊಯ್ಯುವವರ ದಾರಿ. ಮುಂದಿನ ರಸ್ತೆಯಲ್ಲಿ ಅವರು ಕಾಣಬಾರದೆಂದು ಹಿಂದಿನ ಗಲ್ಲಿ. ನಾನು ಎಂಟು ಒಂಬತ್ತು ವರ್ಷದವನಾಗಿದ್ದಾಗ ಒಬ್ಬ ಹೆಂಗಸು ಬರುತ್ತಿದ್ದಳು. ಹಿತ್ತಿಲ ಗೋಡೆಯ ಆಚೆಯಿಂದ “ನೀರು ಬುಡ್ರವ್ವಾ” ಎಂಬ ಕೂಗು ಕೇಳುತ್ತಿತ್ತು. ತಾಯಿ ತಂಬಿಗೆಯನ್ನು ಎತ್ತರಕ್ಕೆ ಹಿಡಿದು, ತಾಗದಂತೆ, ಅವಳ ಬೊಗಸೆಗೆ ನೀರು ಬಿಡುತ್ತಿದ್ದರು. ಪಾರಿಜಾತವನ್ನು ಪಾಲುಮಾಡಿ ಗೋಡೆಯ ಮೇಲಿಡುತ್ತಿದ್ದ ಕೈಯೇ ಅದು. ಎರಡೂ ನನ್ನ ತಾಯಿಯೇ; ಯಾವುದನ್ನೂ ನಾನು ಮುಚ್ಚಿಡಲಾರೆ. ದಕ್ಷಿಣದವರ ಹೆಸರು, ಉತ್ತರದವರ ಹೆಸರು ಪತ್ರದಲ್ಲಿ ತಂದೆಯ ಹೆಸರು ಸಹಿತ ಬರೆದಿದೆ. ಪಶ್ಚಿಮದಲ್ಲಿ ಹೆಸರಿಲ್ಲ. ಅವಳ ಹೆಸರೇನೆಂದು ನಮ್ಮ ಮನೆಯಲ್ಲಿ ಯಾರೂ ಕೇಳಲೂ ಇಲ್ಲ.

1970ರ ದಶಕದ ಮೊದಲ ವರ್ಷಗಳಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಿದರು. ಕೇಂದ್ರದ ಕಾಯಿದೆ 1993ರಲ್ಲಿ ಬಂದಿತು. ಇನ್ನೂ ಬಿಗಿಯಾದದ್ದು 2013ರಲ್ಲಿ. ನಮ್ಮ ಗಲ್ಲಿಯಲ್ಲಿ ನೆಲದೊಳಗೆ ಒಳಚರಂಡಿ ಹೋಯಿತು. ಆ ಹೆಂಗಸು ಬರುವುದು ನಿಂತಿತು. ಗಲ್ಲಿಯಲ್ಲಿ ಪಾರ್ಥೇನಿಯಂ ಬೆಳೆಯಿತು, ಮುರಿದ ಕುರ್ಚಿ ಕೊಡಗಳು ಬಿದ್ದವು. ಯಾರದೂ ಅಲ್ಲದ ಜಾಗವೆಂದು ಎಲ್ಲರಿಗೂ ಅನಿಸತೊಡಗಿತು. ಎದುರು ಸಾಲಿನವರು ತಮ್ಮ ಹಿಂಗೋಡೆಯನ್ನು ಮೂರು ಅಡಿ ಮುಂದಕ್ಕೆ ತಂದರು. ನಮ್ಮ ಸಾಲಿನಲ್ಲಿ ಉತ್ತರದವರು ತಂದರು, ದಕ್ಷಿಣದವರು ತಂದರು.

1991ರಲ್ಲಿ ನಾನೂ ತಂದೆ. ಪುಸ್ತಕಗಳು ಹೆಚ್ಚಾಗಿದ್ದವು, ಹಿಂದೆ ಒಂದು ಕೋಣೆ ಬೇಕಾಗಿತ್ತು. ಮೇಸ್ತ್ರಿ, “ಸಾಲಿಗೆ ಸರಿಯಾಗ್ಲಿ ಬುಡಿ ಸಾಮಿ, ಮೂರಡಿ ಮುಂದಕ್ಕಾಕ್ತೀನಿ” ಎಂದ. ನಾನು ಬೇಡವೆನ್ನಲಿಲ್ಲ. 40 ಅಡಿ ಅಗಲ, 3 ಅಡಿ ಆಳ, 120 ಚದರಡಿ. ಆ ಕೋಣೆಯಲ್ಲಿ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳನ್ನು ಸಾಲಾಗಿ ಜೋಡಿಸಿದೆ. ಎಲ್ಲೆಕಲ್ಲನ್ನು ಕಿತ್ತವನಿಗೆ, ಕೊಟ್ಟ ಭೂಮಿಯನ್ನು ಕಸಿದವನಿಗೆ ಎಂಥೆಂಥ ಪಾಪ ತಟ್ಟುತ್ತದೆಂದು ಶಪಿಸುವ ನೂರಾರು ಶಾಸನಗಳು ಆ ಸಂಪುಟಗಳಲ್ಲಿವೆ. ಅವುಗಳನ್ನು ಎಲ್ಲೆ ಮೀರಿದ ಗೋಡೆಗೆ ಒರಗಿಸಿಟ್ಟು, ಅಲ್ಲಿಯೇ ಕುಳಿತು ಪಾಠಕ್ಕೆ ಟಿಪ್ಪಣಿ ಮಾಡಿಕೊಂಡೆ. ಇಪ್ಪತ್ತಾರು ವರ್ಷ ಹಾಗೆ ಪಾಠ ಹೇಳಿದೆ.

ಅಳತೆಗೆ ಬಂದ ಹುಡುಗ ಟೇಪನ್ನು ಎರಡು ಬಾರಿ ಹಿಡಿದು, “ಸಾರ್, ಪತ್ರದಲ್ಲಿ ಅರವತ್ತಿದೆ, ಇಲ್ಲಿ ಅರವತ್ಮೂರು ಬರ್ತಿದೆ” ಎಂದ. ಕೊಳ್ಳುವವರು ನಕ್ಕು, “ಇರಲಿ ಬಿಡಿ ಸಾರ್, ಎಲ್ಲರ ಮನೇಲೂ ಹಾಗೇ. ನಮಗೇನೂ ತಕರಾರಿಲ್ಲ” ಎಂದರು. ಅವರಿಗೆ ತಕರಾರಿರಲಿಲ್ಲ. ನನಗೂ ಇರುತ್ತಿರಲಿಲ್ಲವೇನೋ. ಆದರೆ ಅದಕ್ಕೆ ಸುಮಾರು ಒಂದು ವರ್ಷ ಮೊದಲು ಒಂದು ಪ್ರಸಂಗ ನಡೆದಿತ್ತು.

ಮಳೆಗಾಲದಲ್ಲಿ ಗಲ್ಲಿಯ ಒಳಚರಂಡಿ ಕಟ್ಟಿಕೊಂಡು ಹಿತ್ತಿಲುಗಳಿಗೆ ಕೊಳಚೆ ನುಗ್ಗಿತು. ದೂರು ಕೊಟ್ಟೆವು. ಹೀರುವ ಯಂತ್ರವಿದ್ದ ದೊಡ್ಡ ವಾಹನ ಬಂದು ಗಲ್ಲಿಯ ಬಾಯಲ್ಲಿ ನಿಂತಿತು. ಹತ್ತು ಅಡಿಯ ಗಲ್ಲಿ ಎರಡೂ ಕಡೆ ಮೂರು ಮೂರು ಅಡಿ ಕಳೆದುಕೊಂಡು ನಾಲ್ಕು ಅಡಿಯಾಗಿತ್ತು. ವಾಹನ ಒಳಗೆ ಬರಲಾರದೆ ಹಿಂದಕ್ಕೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಆಳುಗಳು ಬಂದರು. ಯಾರು ಕಳಿಸಿದರೆಂದು ನಾವು ವಿಚಾರಿಸಲಿಲ್ಲ. ಕೊಳಚೆ ಹೋದರೆ ಸಾಕಾಗಿತ್ತು. ಅವರ ಬಳಿ ಇದ್ದದ್ದು ಬಿದಿರಿನ ಸೀಳುಗಳು, ಒಂದು ಬಕೆಟ್ಟು, ಹಗ್ಗ. ಕೈಗವಸಿಲ್ಲ. ಒಬ್ಬ ಗುಂಡಿಯೊಳಗೆ ಎದೆಮಟ್ಟ ಇಳಿದ. ಕೆಲಸ ಮುಗಿದ ಮೇಲೆ ನನ್ನ ಪುಸ್ತಕದ ಕೋಣೆಯ ಕಿಟಕಿಯ ಆಚೆ ನಿಂತು, “ಸಾರ್, ಸ್ವಲ್ಪ ನೀರು ಕೊಡಿ” ಎಂದ.

ಐವತ್ತು ವರ್ಷಗಳ ಮೇಲೆ ಅದೇ ದಿಕ್ಕಿನಿಂದ ಬಂದ ಅದೇ ಮಾತು. ನಾನು ಲೋಟದಲ್ಲಿ ನೀರು ಕೊಟ್ಟೆ, ಕೈಗೇ ಕೊಟ್ಟೆ. ಅದರಿಂದ ನಾನು ನನ್ನ ತಾಯಿಗಿಂತ ಮುಂದೆ ಬಂದವನೆಂದು ಆ ಕ್ಷಣ ಅನಿಸಿತ್ತು. ಟೇಪು ಹಿಡಿದ ಹುಡುಗ ಅರವತ್ಮೂರು ಎಂದಾಗ ಆ ಸಮಾಧಾನ ಹೋಯಿತು. ಕಾನೂನು ನಿಲ್ಲಿಸಿದ್ದ ಕೆಲಸಕ್ಕೆ ಆ ಮನುಷ್ಯನನ್ನು ಮತ್ತೆ ಇಳಿಸಿದ ಮೂರು ಅಡಿಗಳಲ್ಲಿ ನನ್ನ ಮೂರು ಅಡಿಯೂ ಇತ್ತು. ತಾಯಿಗೆ ಗೊತ್ತಿದ್ದದ್ದು ಅಷ್ಟೇ, ನಾನು ತಿಳಿದವನು.

ಇದರ ಮುಂದಿನದು ದೊಡ್ಡ ಕಥೆಯೇನಲ್ಲ. ಗೋಡೆಯನ್ನು ಕೆಡವಿಸಿ ಮೂರು ಅಡಿ ಒಳಗೆ ಕಟ್ಟಿಸಿದೆ. ಖರ್ಚನ್ನು ಕೇಳಿ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೆಡವೋ ಮನೆಗೆ ಗೋಡೆ ಕಟ್ಟಿಸ್ತಾ ಇದ್ದೀರಲ್ಲಪ್ಪಾ” ಎಂದ. ಅವನ ಲೆಕ್ಕ ಸರಿಯೇ. ಟೀಚರಮ್ಮ ಕೋಲೂರಿಕೊಂಡು ಹಿತ್ತಿಲಿಗೆ ಬಂದು ನೋಡಿ, “ನೀವು ಹಿಂದಕ್ಕೆ ಹೋದರೆ ನಮ್ಮದು ಮುಂದಕ್ಕೆ ಬಂದ ಹಾಗೆ ಕಾಣುತ್ತಲ್ಲ ಮೇಷ್ಟ್ರೇ” ಎಂದರು. ಅವರು ನಕ್ಕರೋ ಬೇಸರಪಟ್ಟರೋ ನನಗೆ ತಿಳಿಯಲಿಲ್ಲ. ನನ್ನೊಬ್ಬನ ಗೋಡೆ ಹಿಂದೆ ಸರಿದರೆ ಯಂತ್ರದ ವಾಹನವೇನೂ ಗಲ್ಲಿಗೆ ಬಾರದು. ಎರಡೂ ಸಾಲಿನ ಎಲ್ಲರೂ ಸರಿಯಬೇಕು. ಅವರನ್ನು ಸರಿಯಿರೆಂದು ಕೇಳುವ ಮಾತಿಗೆ ನನಗೀಗ ಬಾಯಿ ಬಂದಿದೆ, ಅಷ್ಟೆ. ಎದುರು ಸಾಲಿನ ಎರಡು ಮನೆಯವರೊಡನೆ ಮಾತಾಡಿದ್ದೇನೆ. ಒಬ್ಬರು ನೋಡೋಣವೆಂದಿದ್ದಾರೆ. ಮತ್ತೊಬ್ಬರು ಬಾಗಿಲಲ್ಲಿಯೇ ನಿಲ್ಲಿಸಿ ಕಳಿಸಿದರು.

ಪುಸ್ತಕದ ಕೋಣೆ ಸಣ್ಣದಾಯಿತು. ಒಂದು ಬೀರುವಿನಷ್ಟು ಪುಸ್ತಕಗಳನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟೆ. ಶಾಸನದ ಸಂಪುಟಗಳನ್ನು ಇಟ್ಟುಕೊಂಡಿದ್ದೇನೆ.

ಮನೆಯನ್ನು ಮಾರುವುದೋ ಉಳಿಸುವುದೋ ನಾವಿಬ್ಬರೂ ಇನ್ನೂ ನಿರ್ಧರಿಸಿಲ್ಲ. ಕೊಳ್ಳುವವರು ಮತ್ತೆ ಬರುವುದಾಗಿ ಹೇಳಿದ್ದಾರೆ. ಮಾರಿದರೆ ನಮ್ಮ ಜಾಗದಲ್ಲಿಯೂ ಕೆಲವು ಸಂಸಾರಗಳು ಬಂದು ನೆಲೆಸಲಿ; ಟೀಚರಮ್ಮನವರ ಪಾರಿಜಾತ ಅವರ ಕಡೆಗೂ ನಾಲ್ಕು ಹೂವು ಉದುರಿಸಲಿ. ಒಂದು ಮಾತ್ರ ನಿಶ್ಚಯ. ಎಂದಾದರೂ ಒಂದು ದಿನ, ನಾನೋ ನನ್ನ ಮಗನೋ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರುಜುಮಾಡಬೇಕಾಗುತ್ತದೆ. ಪತ್ರ ಬರಹಗಾರರು ಷೆಡ್ಯೂಲನ್ನು ಗಟ್ಟಿಯಾಗಿ ಓದುತ್ತಾರೆ. ಪೂರ್ವಕ್ಕೆ, ದಕ್ಷಿಣಕ್ಕೆ, ಉತ್ತರಕ್ಕೆ ಎಂದು ಓದಿ, ‘ಪಶ್ಚಿಮಕ್ಕೆ ಕನ್ಸರ್ವೆನ್ಸಿ ಗಲ್ಲಿ, ಈ ಮಧ್ಯೆ ಇರುವ 60 ಅಡಿ’ ಎಂದಾಗ, ಹೌದೆಂದು ತಲೆದೂಗುವವನು ಸುಳ್ಳುಸಾಕ್ಷಿ ಹೇಳಿದಂತಾಗುವುದಿಲ್ಲ.